ಮುಟ್ಟಬ್ಯಾಡ ಎಂಬ ಊರು

ಈಗ ಕೆಲಸಕ್ಕೆ ಸೇರುವ ಮಕ್ಕಳು ಪರದೆಯಲ್ಲಿ ಒಂದು ಹೆಸರಿನ ಮೇಲೆ ಬಾಣ ಇಟ್ಟರೆ ಸಾಕು, ಆ ಕೋಡ್ ಏನು ಮಾಡುತ್ತದೆ, ಯಾರು ಬರೆದದ್ದು, ಎಲ್ಲೆಲ್ಲಿ ಬಳಕೆಯಾಗಿದೆ ಎಂಬುದೆಲ್ಲ ಪಕ್ಕದಲ್ಲೇ ತೆರೆದುಕೊಳ್ಳುತ್ತದೆ. ಅದರಲ್ಲೂ ಒಂದು ತಪ್ಪು ಕಂಡರೆ "ಛೇ, ದಂಡದ ಡಾಕ್ಯುಮೆಂಟೇಷನ್" ಎಂದು ಮೂಗು ಮುರಿಯುತ್ತಾರೆ. ಮುರಿಯಲಿ, ನಾನೂ ಮುರಿದವಳೇ. ಆದರೆ ಇಂಥ ಪುಟಗಳು ತಾವಾಗಿ ಹುಟ್ಟಿಕೊಳ್ಳಲು ಶುರುವಾಗುವ ಮೊದಲು ಅವನ್ನು ಕೂತು ಬರೆಯುತ್ತಿದ್ದ ಒಬ್ಬ ಹೆಂಗಸು ನಮ್ಮ ಆಫೀಸಿನಲ್ಲಿದ್ದಳು. ಹೆಸರು ಮಾರ್ಗರೆಟ್. ನಾನು ಬರೆದ ಒಂದು ಪುಟ್ಟ ಪ್ರೋಗ್ರಾಮ್ ಅವಳ ಕೆಲಸವನ್ನು ನುಂಗಿ ನೀರು ಕುಡಿಯುವುದರಲ್ಲಿತ್ತು. ಯಾಕೆ ಹಾಗಾಗಲಿಲ್ಲ ಎಂಬುದನ್ನು ಹೇಳುತ್ತೇನೆ. ನನ್ನ ಬಡ್ತಿ, ಬೀಳ್ಕೊಡುಗೆ, ಹೂಗುಚ್ಛ ಇವನ್ನೆಲ್ಲ ಬಿಟ್ಟಿದ್ದೇನೆ. ಅವುಗಳ ಫೋಟೊ ನೋಡಲು ನನಗೇ ಬೇಸರ.

ಮಾರ್ಗರೆಟ್ ನನಗಿಂತ ಬಹಳ ಹಿರಿಯಳು. ಕನ್ನಡದಲ್ಲಿ ಬರೆಯುವಾಗ 'ಅವರು' ಎನ್ನಬೇಕು, ಮೈಸೂರಿನ ನನ್ನ ಅಮ್ಮ ಬದುಕಿದ್ದರೆ ಹಾಗೇ ಬರೆಸುತ್ತಿದ್ದರು. ಆದರೆ ಗೆಳತಿಯನ್ನು ಬಹುವಚನದಲ್ಲಿ ಕರೆದರೆ ದೂರ ಕೂರಿಸಿದ ಹಾಗಾಗುತ್ತದೆ. ಅವಳು ಅವಳೇ ಆಗಿರಲಿ.

ಎಂಬತ್ತರ ದಶಕದ ಕೊನೆಯಲ್ಲಿ, ಮದುವೆಯಾಗಿ ಸಿಡ್ನಿಗೆ ಬಂದ ಹೊಸತರಲ್ಲಿ, ಅದೇ ಊರಿನ ಪ್ಯಾರಮಟ್ಟಾ ಬಡಾವಣೆಯ ಒಂದು ಸಣ್ಣ ಕಂಪನಿಯಲ್ಲಿ ನನಗೆ ಕೆಲಸ ಸಿಕ್ಕಿತು. ಊರೂರಿನ ನೀರಿನ ಪಂಪುಗಳನ್ನು ನಡೆಸುವ ಸಾಫ್ಟ್‌ವೇರ್ ಬರೆಯುವ ಕಂಪನಿ. ಸಿಡ್ನಿಯಲ್ಲಿದ್ದ ನಾವು ಬರೆಯುವವರು. ಮೆಲ್ಬರ್ನ್ ಆಫೀಸಿನವರು ಅದನ್ನು ಪಂಪ್‌ಹೌಸುಗಳಿಗೆ ಒಯ್ದು ಕೂರಿಸಿ, ಕೆಟ್ಟರೆ ಸರಿಮಾಡುವವರು. ಎರಡೂ ಆಫೀಸಿನ ನಡುವೆ ಇದ್ದ ಸೇತುವೆ ಎಂದರೆ ಮಾರ್ಗರೆಟ್ ಟೈಪ್ ಮಾಡಿ ಅಂಚೆಗೆ ಹಾಕುತ್ತಿದ್ದ ದಪ್ಪ ದಪ್ಪ ಫೈಲುಗಳು.

ಮೊದಲ ವಾರವೇ ಅವಳು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು. ಕೈಯಲ್ಲಿ ಕೆಂಪು ಪೆನ್ಸಿಲ್, ತೊಡೆಯ ಮೇಲೆ ಬಿಸ್ಕತ್ತಿನ ಡಬ್ಬಿ.

"ಲವ್," ಎಂದಳು, ಚಿಕ್ಕವರನ್ನು ಅಕ್ಕರೆಯಿಂದ ಕರೆಯುವ ಅಲ್ಲಿನ ರೂಢಿಯಂತೆ. "ನನ್ನನ್ನ ಪಂಪ್‌ಹೌಸಿನ ವಾಚ್‌ಮ್ಯಾನ್ ಅಂದ್ಕೊ. ನನಗೆ ಏನಂದ್ರೆ ಏನೂ ಗೊತ್ತಿಲ್ಲ. ಈಗ ಹೇಳು, ಈ ಕೋಡ್ ಏನ್ ಮಾಡುತ್ತೆ?"

ನಾನು ಇಂಗ್ಲಿಷ್ ಮೀಡಿಯಮ್ಮಿನ ಹೆಮ್ಮೆಯಲ್ಲಿ ಆಗಲೇ ಬರೆದಿಟ್ಟಿದ್ದ ವಿವರಣೆಯನ್ನು ಕೊಟ್ಟೆ. ಅವಳು ಓದಿದಳು, ಕನ್ನಡಕ ತೆಗೆದಳು, ಮತ್ತೆ ಹಾಕಿಕೊಂಡಳು.

"ಆಪರೇಟರ್ ಔಟ್ ಆಫ್ ಸ್ಟೇಷನ್ ಇದ್ದರೆ ಅಲಾರಂ ಬೇರೆಯವರಿಗೆ ಹೋಗುತ್ತೆ ಅಂತ ಬರ್ದಿದೀಯ. ಅಂದ್ರೆ ಅವನು ಪಂಪ್‌ಸ್ಟೇಷನ್ನಿನ ಬಾಗಿಲ ಹೊರಗೆ ಸಿಗರೇಟು ಸೇದ್ತಾ ನಿಂತಿದ್ರೂ ಹೋಗುತ್ತಾ?"

"ಇಲ್ಲ ಇಲ್ಲ, ಪರಊರಿಗೆ ಹೋಗಿದ್ರೆ."

"ಮತ್ತೆ ಹಾಗೇ ಬರಿ. ಇನ್ನೊಂದು. 'ಡು ದಿ ನೀಡ್‌ಫುಲ್' ಅಂದಿದೀಯ. ನೀಡ್‌ಫುಲ್ ಅಂದ್ರೆ ಯಾವ ಸ್ವಿಚ್ಚು?"

ನನ್ನ ಮುಖ ಕೆಂಪಾಯಿತು. ನಮ್ಮ ದೇಶದ ಸರ್ಕಾರಿ ಕಚೇರಿಗಳೆಲ್ಲ ಆ ಒಂದು ಮಾತಿನ ಮೇಲೆ ನಡೆಯುತ್ತಿವೆ ಎಂದು ಅವಳಿಗೆ ಹೇಗೆ ಹೇಳಲಿ? ಅವಳು ಬಿಸ್ಕತ್ತಿನ ಡಬ್ಬಿ ಮುಂದೆ ಹಿಡಿದು, "ತಗೋ, ಇದನ್ನ ತಿನ್ನೋದೇ ಈಗ ನೀಡ್‌ಫುಲ್" ಎಂದಳು. ಅಂದಿನಿಂದ ಅವಳನ್ನು ಕಂಡರೆ ನನಗೆ ಪ್ರೀತಿ.

ಅವಳು ಹೀಗೆ ಒಬ್ಬೊಬ್ಬರ ಪಕ್ಕ ಕೂತು ಕೇಳಿ, ಬರೆದು, ತಿದ್ದಿಸಿ, ಫೈಲು ಕಟ್ಟಿ ಮೆಲ್ಬರ್ನ್‌ಗೆ ಕಳಿಸುವಷ್ಟರಲ್ಲಿ ನಾವು ಕೋಡ್ ಬದಲಾಯಿಸಿ ಕೂತಿರುತ್ತಿದ್ದೆವು. ಒಮ್ಮೆಯಂತೂ ಫೈಲಿನಲ್ಲಿ ವಾಲ್ವ್ ಮುಚ್ಚುತ್ತದೆ ಎಂದಿತ್ತು, ಕೋಡ್ ಅದನ್ನು ತೆರೆಯುತ್ತಿತ್ತು. ಮೆಲ್ಬರ್ನ್ ಎಂಜಿನಿಯರ್ ಡೆನಿಸ್ ಫೈಲನ್ನು ನಂಬಿ ಪ್ಯಾಂಟು ಮಂಡಿಯವರೆಗೆ ಒದ್ದೆ ಮಾಡಿಕೊಂಡ. ಆಮೇಲಿಂದ ಅವನು ಪ್ರತಿ ಕೆಲಸಕ್ಕೂ ಮೊದಲು ಮಾರ್ಗರೆಟ್‌ಗೆ ಫೋನ್ ಮಾಡಿ, "ಫೈಲಿನಲ್ಲಿ ಏನಿದೆ ಅಂತ ನನಗೆ ಗೊತ್ತು, ನಿಜ ಏನು ಹೇಳು" ಎಂದು ಕೇಳುವುದನ್ನು ರೂಢಿ ಮಾಡಿಕೊಂಡ. ಅವಳು ಎದ್ದು ಬಂದು ನಮ್ಮನ್ನು ಕೇಳಿ ಅವನಿಗೆ ಹೇಳುತ್ತಿದ್ದಳು.

ಫೈಲು ಬೇರೆ, ಕೋಡ್ ಬೇರೆ ಇರುವವರೆಗೆ ಈ ಗೋಳು ತಪ್ಪದು ಎಂದು ನನಗೆ ಹೊಳೆಯಿತು. ಕೋಡ್ ಬರೆಯುವಾಗ ನಡುನಡುವೆ ಕಾಮೆಂಟ್ ಎಂದು ಬರೆಯುತ್ತೇವೆ. ಅದು ಯಂತ್ರಕ್ಕಲ್ಲ, ಮುಂದೆ ಓದುವ ಮನುಷ್ಯರಿಗೆ. ಯಂತ್ರ ಅದನ್ನು ದಾಟಿಕೊಂಡು ಹೋಗುತ್ತದೆ. ಒಂದು ನಕ್ಷತ್ರ ಚಿಹ್ನೆ ಹಾಕಿ ಶುರುಮಾಡಿದರೆ ಅದು ನಮ್ಮೊಳಗಿನ ಮಾತು. ಒಂದಕ್ಕಿಂತ ಹೆಚ್ಚು ನಕ್ಷತ್ರ ಹಾಕಿದರೆ ಅದು ಕೈಪಿಡಿಗೆ ಹೋಗಬೇಕಾದ ಮಾತು ಎಂದು ನಾನೊಂದು ಕಟ್ಟಳೆ ಮಾಡಿದೆ. ನನ್ನ ಪ್ರೋಗ್ರಾಮ್ ಕೋಡನ್ನೆಲ್ಲ ಓದಿ, ಅಂಥ ಕಾಮೆಂಟುಗಳನ್ನು ಹೆಕ್ಕಿ, ಮೊದಲ ಸಾಲನ್ನು ತಲೆಬರಹ ಮಾಡಿ, ಉಳಿದದ್ದನ್ನು ಕೆಳಗೆ ಜೋಡಿಸಿ ಮುದ್ರಿಸಿಕೊಡುತ್ತಿತ್ತು. ಮೊದಲು ಅದನ್ನು ಸಿಡ್ನಿಯ ನಾವಷ್ಟೇ ಬಳಸುತ್ತಿದ್ದೆವು. ತೊಂಬತ್ತರ ದಶಕದ ನಡುವೆ ಬ್ರೌಸರ್ ಬಂದ ಮೇಲೆ ಅದಕ್ಕೆ ಕಾಗದವೂ ಬೇಡವಾಯಿತು. ಪುಟಗಳು ಪರದೆಗೆ ಬಂದವು. ಒಂದು ಹೆಸರನ್ನು ಒತ್ತಿದರೆ ಇನ್ನೊಂದು ಪುಟಕ್ಕೆ ಜಿಗಿಯಬಹುದು. ಮೊದಲ ಸಲ ಹಾಗೆ ಜಿಗಿದಾಗ ನಾನು ಕುರ್ಚಿಯಲ್ಲೇ ಕುಣಿದೆ, ಸುಳ್ಳು ಹೇಳಲಾರೆ.

ನಮ್ಮ ಬಾಸ್ ಕೆನ್ ಒಳ್ಳೆಯವನು, ಆದರೆ ಮಹಾ ಆತುರಗಾರ. ಖುಷಿಯಾದರೆ ಸಿಳ್ಳೆ ಹಾಕುವವನು. ಆ ದಿನ ಅಡುಗೆಕೋಣೆಯಲ್ಲಿ ಚಹಾ ಮಾಡಿಕೊಳ್ಳುತ್ತಾ ಸಿಳ್ಳೆ ಹಾಕಿದ.

"ಬ್ರಿಲಿಯಂಟ್! ಕೋಡ್ ಬದಲಾದ ತಕ್ಷಣ ಕೈಪಿಡಿ ಬದಲಾಗುತ್ತೆ. ಮೆಲ್ಬರ್ನ್‌ನಲ್ಲಿ ಮೂರು ತಿಂಗಳು ಓಡಿಸಿ ನೋಡೋಣ. ಸರಿಹೋದರೆ ಈ ಫೈಲು, ಟೈಪಿಂಗು ಯಾವುದೂ ಬೇಕಿಲ್ಲ."

"ಹಾಗಾದ್ರೆ ಮಾರ್ಗರೆಟ್?" ಎಂದೆ.

ಅವನು ಚಹಾ ಕಲಕಿದ. "ಅದೇ," ಎಂದ. "ಪಾಪ."

ತಿರುಗಿ ನೋಡಿದರೆ ಬಾಗಿಲಲ್ಲಿ ಮಾರ್ಗರೆಟ್ ತನ್ನ ಕಪ್ ಹಿಡಿದುಕೊಂಡು ನಿಂತಿದ್ದಳು. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಕಪ್ ತೊಳೆದಿಟ್ಟು ನನ್ನ ಮೇಜಿಗೆ ಬಂದಳು.

"ತೋರಿಸು ನಿನ್ನ ಪ್ರೋಗ್ರಾಮ್ ಹೇಗೆ ಕೆಲಸ ಮಾಡುತ್ತೆ ಅಂತ."

ತೋರಿಸಿದೆ. ಕೊನೆಯವರೆಗೂ ನೋಡಿದಳು. "ಚೆನ್ನಾಗಿದೆ ಲವ್, ನಿಜವಾಗ್ಲೂ. ನನ್ನ ವಯಸ್ಸಿಗೆ ಇನ್ನೊಂದು ಕಡೆ ಕೆಲಸ ಕೊಡಲ್ಲ. ಮನೆಯಲ್ಲಿ ನನಗೂ ಬೆಕ್ಕಿಗೂ ಮಾತಾಡಕ್ಕೆ ಅಷ್ಟೊಂದು ವಿಷಯ ಇಲ್ಲ. ಇರಲಿ ಬಿಡು."

ನಾನು ಆ ಸಂಜೆ ಪಕ್ಕದ ಹ್ಯಾರಿಸ್ ಪಾರ್ಕ್ ಬಡಾವಣೆಯವರೆಗೆ ನಡೆದೇ ಹೋದೆ. ಆಗ ಅಲ್ಲಿ ಈಗಿನ ಹಾಗೆ ಸಾಲು ಸಾಲು ನಮ್ಮ ದೇಶದವರ ಅಂಗಡಿಗಳಿರಲಿಲ್ಲ. ಒಂದು ಅಂಗಡಿಯಲ್ಲಿ ಸಾರಿನ ಪುಡಿ ತೆಗೆದುಕೊಂಡು ಹಣ ಕೊಡುವುದನ್ನೇ ಮರೆತು ಹೊರಟೆ, ಅಂಗಡಿಯವನು ಕೂಗಿ ಕರೆದ. ಮನಸ್ಸು ಅಷ್ಟು ಕೆಟ್ಟಿತ್ತು. ಒಳ್ಳೆಯ ಕೆಲಸ ಮಾಡಿದ್ದೇನೆ ಎಂಬ ಸಂತೋಷವೂ ನಿಜ, ಗೆಳತಿಯ ಕೆಲಸ ಹೋಗುತ್ತದೆ ಎಂಬ ಸಂಕಟವೂ ನಿಜ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ನಿದ್ದೆ ಮಾಡುವುದು ಕಷ್ಟ.

ಇಲ್ಲಿ ನಾಗರಾಜನ ಬಗ್ಗೆ ಹೇಳಬೇಕು. ಧಾರವಾಡದವನು, ನನಗಿಂತ ಚಿಕ್ಕವನು, ನಮ್ಮ ಆಫೀಸಿನಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬ ಕನ್ನಡಿಗ. ವತ್ಸಲಾ ಎಂಬ ನನ್ನ ಹೆಸರು ಬಿಟ್ಟು 'ಅಕ್ಕಾರ' ಎನ್ನುತ್ತಿದ್ದ. ಬೋರ್‌ವೆಲ್ ಪಂಪುಗಳ ಕೋಡ್ ಅವನ ಪಾಲಿನದು. ಆಳದ ಬೋರ್‌ವೆಲ್ಲಿನಲ್ಲಿ ಪಂಪು ನಿಲ್ಲಿಸಿದ ಮೇಲೆ ಪೈಪಿನಲ್ಲಿದ್ದ ನೀರು ಕೆಳಗಿಳಿಯುತ್ತದೆ, ಇಳಿಯುತ್ತಾ ಪಂಪನ್ನು ಹಿಂದಕ್ಕೆ ತಿರುಗಿಸುತ್ತದೆ. ಆಗಲೇ ಮತ್ತೆ ಶುರು ಮಾಡಿದರೆ ಪಂಪನ್ನು ತಿರುಗಿಸುವ ಉಕ್ಕಿನ ದಂಡ, ಅಂದರೆ ಶಾಫ್ಟ್, ಮುರಿಯುತ್ತದೆ. ಅದಕ್ಕೇ ನಾಗರಾಜ ಪಂಪು ನಿಂತ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕಾಯುವ ಒಂದು ತುಂಡು ಕೋಡ್ ಬರೆದಿದ್ದ. ನೋಡಿದವರಿಗೆ ಅದು ಏನೂ ಮಾಡದ, ದಂಡಕ್ಕೆ ಕೂತ ಕೋಡಿನ ಹಾಗೆ ಕಾಣುತ್ತಿತ್ತು.

ಮೆಲ್ಬರ್ನ್ ಪ್ರಯೋಗದ ಮೂರನೆಯ ತಿಂಗಳು. ಮಾರ್ಗರೆಟ್ ಹಳೆಯ ಫೈಲುಗಳನ್ನು ಮೆಲ್ಬರ್ನ್ ಆಫೀಸಿಗೆ ಒಪ್ಪಿಸಿ ಬರಬೇಕೆಂದು ಕೆನ್ ಅವಳಿಗೆ ವಿಮಾನದ ಟಿಕೆಟ್ ಬುಕ್ ಮಾಡಿಸಿದ್ದ. ಒಪ್ಪಿಸಿದರೆ ಅವಳ ಕೆಲಸ ಮುಗಿದ ಹಾಗೆ. ಅವಳು ಹೊರಡುವ ಹಿಂದಿನ ದಿನ ಡೆನಿಸ್ ಫೋನ್ ಮಾಡಿದ. ಆಫೀಸಿನ ಹಿತ್ತಲಿನಲ್ಲಿ ಅವರು ಹೊಸ ಸಾಫ್ಟ್‌ವೇರ್ ಪರೀಕ್ಷಿಸಲು ಇಟ್ಟುಕೊಂಡಿದ್ದ ಬೋರ್‌ವೆಲ್ ಪಂಪಿನ ಶಾಫ್ಟ್ ಎರಡು ತುಂಡಾಗಿದೆ ಎಂದ. ಯಾರಿಗೂ ಪೆಟ್ಟಾಗಿರಲಿಲ್ಲ, ಪುಣ್ಯ. ಕೆನ್ ನನ್ನನ್ನೂ ನಾಗರಾಜನನ್ನೂ ಅದೇ ವಿಮಾನಕ್ಕೆ ಹತ್ತಿಸಿ ತಾನೂ ಹತ್ತಿದ. ಸಿಳ್ಳೆ ಇರಲಿಲ್ಲ.

ಮೆಲ್ಬರ್ನ್ ಆಫೀಸಿನ ಮೇಜಿನ ಮೇಲೆ ಮುರಿದ ಶಾಫ್ಟನ್ನು ನ್ಯೂಸ್‌ಪೇಪರ್ ಹಾಸಿ ಮಲಗಿಸಿದ್ದರು. ನಾಗರಾಜ ಅದನ್ನು ನೋಡಿದವನೇ, "ನನ್ನ ಕಾಯುವ ಕೋಡ್ ಎಲ್ಲಿ ಹೋಯ್ತು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಬೋರ್‌ವೆಲ್ಲಿನ ಕೋಡಿನಲ್ಲಿ ಒಂದೇ ಒಂದು ತುಂಡು ತೆಗೆದಿದೀನಿ," ಎಂದ ಡೆನಿಸ್. ಬಿಸಿಲಿಗೆ ಕೆಂಪಾದ ಮುಖದ, ಸುಳ್ಳೇ ಗೊತ್ತಿಲ್ಲದ ಮನುಷ್ಯ. "ಆ ಊರು ನಮ್ಮ ಗಿರಾಕಿಯಲ್ಲ. ಅದಕ್ಕೇ ತೆಗೆದೆ."

"ಯಾವ ಊರು?" ಎಂದು ಕೆನ್ ಕೇಳಿದ.

"ಮಟಬಯಾಡಾ."

ಯಾರಿಗೂ ಅರ್ಥವಾಗಲಿಲ್ಲ. ಡೆನಿಸ್ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದ. ನನ್ನ ಪ್ರೋಗ್ರಾಮ್ ತಯಾರಿಸಿದ ಪುಟ. ಒಂದೊಂದು ಊರಿನ ಪಂಪಿಗೂ ಒಂದೊಂದು ಚಾಳಿ ಇರುತ್ತಿತ್ತಾದ್ದರಿಂದ ಆಯಾ ಊರಿಗೆ ಬೇಕಾದ ಕೋಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಆ ಊರಿನ ಹೆಸರು ಬರೆಯುವುದು ನಮ್ಮ ಪದ್ಧತಿ, ಗಿರಾಕಿಯಲ್ಲದ ಊರಿನ ತುಂಡನ್ನು ತೆಗೆದುಹಾಕುವುದು ಡೆನಿಸ್ ಕಡೆಯವರ ಪದ್ಧತಿ. ಆ ಹೆಸರುಗಳ ಸಾಲಿನಲ್ಲೇ, ಅಷ್ಟೇ ದಪ್ಪಗೆ, ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ತಲೆಬರಹ ಇತ್ತು. ನಾನು ಓದಿದೆ. ಇನ್ನೊಮ್ಮೆ ಓದಿದೆ.

ಮುಟ್ಟಬ್ಯಾಡ.

ನಾನು ನಾಗರಾಜನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ.

"ನಾಗರಾಜ, ಏನಿದು?"

"ಅಕ್ಕಾರ, ಅದು ನಿಮಗ ಬರದಿದ್ದು ರೀ," ಎಂದ ಮೆಲ್ಲಗೆ.

"ನನಗಾ?"

"ಮತ್ತ? ನೀವು ಕಸಬರಗಿ ಹಿಡಕೊಂಡು ಎಲ್ಲಾರ ಕೋಡ್ ಸ್ವಚ್ಛ ಮಾಡಕೋಂತ ಅಡ್ಡಾಡ್ತಿದ್ರಿ. ಡು ನಾಟ್ ಟಚ್ ಅಂತ ಎಲ್ಲಾ ಕಡೆ ಬರದೈತಿ, ಯಾರು ಕೇಳ್ತಾರ? ಕನ್ನಡದಾಗ ಬರದ್ರ ನೀವಾದ್ರೂ ನಿಂತು ನೋಡ್ತೀರಿ ಅಂತ ಬರದೆ. ನಿಮ್ಮ ಕಟ್ಟಳಿ ಬರೂಕಿಂತ ಮೊದಲ, ಛಂದ ಕಾಣ್ಲಿ ಅಂತ ಮ್ಯಾಲೊಂದಿಷ್ಟು ನಕ್ಷತ್ರ ಹಾಕಿದ್ದೆ. ನಿಮ್ಮ ಪ್ರೋಗ್ರಾಮ್ ಅದನ್ನೂ ಹೆಕ್ಕಿಕೊಂಡು ಊರಿಗೆಲ್ಲಾ ಡಂಗುರಾ ಸಾರ್ತದಂತ ನನಗೇನ್ ಗೊತ್ತಿತ್ತರೀ?"

ಕೆನ್ ನಮ್ಮಿಬ್ಬರ ಮುಖವನ್ನೂ ನೋಡುತ್ತಿದ್ದ. ನಾನು ಇಂಗ್ಲಿಷಿನಲ್ಲಿ ಹೇಳಿದೆ: ಅದು ಊರಲ್ಲ. ನಮ್ಮ ಭಾಷೆಯಲ್ಲಿ, ಅದರಲ್ಲೂ ನಾಗರಾಜನ ಕಡೆಯ ಮಾತಿನಲ್ಲಿ, 'ಇದನ್ನು ಮುಟ್ಟಬೇಡ' ಎಂದು ಅರ್ಥ.

ಡೆನಿಸನದು ಏನು ತಪ್ಪು, ಹೇಳಿ? ಪ್ಯಾರಮಟ್ಟಾ, ಕಾಟೂಂಬಾ, ಕೂನಬರಬ್ರನ್ ಎಂಬ ಊರುಗಳಿರುವ ದೇಶದಲ್ಲಿ ಮುಟ್ಟಬ್ಯಾಡ ಯಾಕೆ ಇರಬಾರದು? ಅವನು ಭೂಪಟವನ್ನೂ ಬಿಡಿಸಿ ಹುಡುಕಿದ್ದನಂತೆ. ಸಿಗಲಿಲ್ಲವೆಂದು ಲಾರಿ ಓಡಿಸುವ ತನ್ನ ಭಾವಮೈದುನನನ್ನು ಕೇಳಿದನಂತೆ. ಆ ಮಹಾನುಭಾವ, "ಹೋ, ಗೊತ್ತು ಮೇಟ್, ಒಳನಾಡಿನ ಕಡೆ. ಈಗ ಅಲ್ಲೇನೂ ಇಲ್ಲ, ಪಬ್ಬೂ ಮುಚ್ಚಿದೆ" ಎಂದನಂತೆ. ಹೀಗೆ 'ಮುಟ್ಟಬೇಡ' ಎಂದು ಬರೆದಿದ್ದರಿಂದಲೇ ಅದನ್ನು ಮುಟ್ಟಿದ್ದಾಯಿತು.

ಮೊದಲು ನಕ್ಕವಳು ಮಾರ್ಗರೆಟ್. ಫೈಲುಗಳ ಪೆಟ್ಟಿಗೆಯ ಪಕ್ಕ ಕೂತಿದ್ದವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, ಯಾರನ್ನೂ ಚುಚ್ಚುವ ಉದ್ದೇಶವಿಲ್ಲದೆ, "ನಾನಾಗಿದ್ರೆ ಆ ಊರಿಗೆ ಬಸ್ಸು ಎಲ್ಲಿಂದ ಸಿಗುತ್ತೆ ಅಂತ ನಾಗರಾಜನ್ನ ಕೇಳಿರ್ತಿದ್ದೆ" ಎಂದಳು.

ಡೆನಿಸ್ ಕೈಯಲ್ಲಿದ್ದ ಶಾಫ್ಟಿನ ತುಂಡನ್ನು ಮೇಜಿನ ಮೇಲಿಟ್ಟ. "ಮುಂಚೆ ನಾನು ನಿನಗೆ ಫೋನ್ ಮಾಡ್ತಿದ್ದೆ, ಮಾರ್ಗರೆಟ್. ಈಗ ಎಲ್ಲಾ ಸ್ಕ್ರೀನ್ ಮೇಲೇ ಇದೆ, ಕೇಳೋದಕ್ಕೇನಿದೆ ಅಂದ್ಕೊಂಡೆ."

ಸಂಜೆ ವಿಮಾನ ನಿಲ್ದಾಣಕ್ಕೆ ಹೊರಡುವಾಗ ಮಾರ್ಗರೆಟ್ ಕೇಳಿದಳು, "ಫೈಲುಗಳನ್ನ ಯಾರಿಗೆ ಒಪ್ಪಿಸಲಿ?"

"ಫೈಲುಗಳನ್ನ ಇಲ್ಲೇ ಬಿಡು," ಎಂದ ಕೆನ್. "ನೀನು ವಾಪಸ್ ಬಾ. ಸೋಮವಾರದಿಂದ ವತ್ಸಲಾಳ ಪುಟಗಳು ನಿನ್ನ ಕಣ್ಣಿಗೆ ಬೀಳದೆ ಯಾವುದೂ ಮೆಲ್ಬರ್ನ್‌ಗೆ ಬರಬಾರದು."

ಮಾರ್ಗರೆಟ್ ಮುಖ ಆಚೆ ತಿರುಗಿಸಿಕೊಂಡು ಕೋಟಿನ ಗುಂಡಿ ಹಾಕಿಕೊಂಡಳು. ಒಂದೇ ಗುಂಡಿಗೆ ತುಂಬ ಹೊತ್ತು ಬೇಕಾಯಿತು. ನಾನು ಅವಳ ಕೈ ಹಿಡಿದುಕೊಂಡೆ. ಅಷ್ಟು ಖುಷಿ ನನಗೆ ಪಿಆರ್, ಅಂದರೆ ಈ ದೇಶದಲ್ಲಿ ಕಾಯಂ ಇರುವ ಅನುಮತಿ, ಬಂದ ದಿನವೂ ಆಗಿರಲಿಲ್ಲ.

ಆಮೇಲೆ ನಮ್ಮ ಕೆಲಸದ ರೀತಿಯೇ ಬದಲಾಯಿತು. ಹೆಕ್ಕುವುದು ಪ್ರೋಗ್ರಾಮಿನ ಕೆಲಸ, ಕೇಳುವುದು ಮಾರ್ಗರೆಟ್ ಕೆಲಸ. ಅವಳು ಮೊದಲಿನ ಹಾಗೇ ಕುರ್ಚಿ ಎಳೆದುಕೊಂಡು ಬರುತ್ತಿದ್ದಳು, ಅದೇ ಬಿಸ್ಕತ್ತಿನ ಡಬ್ಬಿ, "ನಾನು ವಾಚ್‌ಮ್ಯಾನ್" ಎಂಬ ಅದೇ ಮಾತು. ಉತ್ತರವನ್ನು ಮಾತ್ರ ಫೈಲಿನಲ್ಲಲ್ಲ, ಕೋಡ್ ತೆರೆದು ಕಾಮೆಂಟಿನಲ್ಲೇ ಬರೆಯುತ್ತಿದ್ದಳು. ಕೋಡಿಗೆ ಕೈ ಹಾಕಲು ಮೊದಮೊದಲು ಬಿಸಿ ಬಾಣಲೆ ಮುಟ್ಟುವವಳ ಹಾಗೆ ಹೆದರಿದಳು. ನಾನು ಪಕ್ಕದಲ್ಲಿ ಕೂತು, ಒಂದು ನಕ್ಷತ್ರ ಯಾವಾಗ, ಹೆಚ್ಚು ನಕ್ಷತ್ರ ಯಾವಾಗ ಎಂದು ಹೇಳಿಕೊಟ್ಟೆ.

ಆಫೀಸಿನಲ್ಲಿ ಆ ಪದ ನಿಂತುಬಿಟ್ಟಿತು. ಕೆನ್ ತನ್ನ ಪಾರ್ಕಿಂಗ್ ಜಾಗದಲ್ಲಿ ಬೇರೆಯವರು ಕಾರು ನಿಲ್ಲಿಸಿದರೆ "ಮಟಬಯಾಡಾ!" ಎಂದು ಕೂಗುತ್ತಿದ್ದ. ಮಾರ್ಗರೆಟ್ ತನ್ನ ಬಿಸ್ಕತ್ತಿನ ಡಬ್ಬಿಗೆ ಅದೇ ಪದದ ಚೀಟಿ ಅಂಟಿಸಿದಳು. ಅಂಟಿಸಿದ ಮೇಲೆ ಬಿಸ್ಕತ್ತು ಮೊದಲಿಗಿಂತ ಬೇಗ ಖಾಲಿಯಾಗುತ್ತಿತ್ತು. "ನಮ್ಮ ಧಾರವಾಡದ ಮಾತಿಗೆ ಇಲ್ಲೂ ಕಿಮ್ಮತ್ತಿಲ್ಲ ನೋಡ್ರಿ," ಎಂದು ನಾಗರಾಜ ನಗುತ್ತಿದ್ದ, ಬಾಯಿಯಲ್ಲಿ ಬಿಸ್ಕತ್ತು ಇಟ್ಟುಕೊಂಡೇ.

ಮಾರ್ಗರೆಟ್ ತನಗೆ ಬೇಕೆನಿಸುವವರೆಗೆ ಕೆಲಸ ಮಾಡಿ, ತಾನೇ ದಿನ ಗೊತ್ತುಮಾಡಿಕೊಂಡು ನಿವೃತ್ತಳಾದಳು. ಈಗ ಅವಳಿಲ್ಲ. ನಾಗರಾಜ ಬಹಳ ವರ್ಷಗಳ ಹಿಂದೆಯೇ ಕೆಲಸ ಬಿಟ್ಟು ಧಾರವಾಡಕ್ಕೆ ಮರಳಿದ. ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ಕೊಂಡುಕೊಂಡಿತು, ಅದರ ಹೆಸರೂ ಹೋಯಿತು. ನಾನು ಮಗಳ ಮನೆಯ ಹತ್ತಿರ ಇರೋಣವೆಂದು ಮೆಲ್ಬರ್ನ್‌ಗೆ ಬಂದು ಕ್ಲೈಡ್ ನಾರ್ತ್‌ನಲ್ಲಿ ನೆಲೆಸಿದೆ.

ಕಳೆದ ಯುಗಾದಿಗೆ ಪಕ್ಕದ ಬೀದಿಯ ಮನೆಯೊಂದರಲ್ಲಿ ಊಟ. ಬೆಂಗಳೂರಿನಿಂದ ಹೊಸದಾಗಿ ಕೆಲಸಕ್ಕೆ ಬಂದ ಮೇಘನಾ ಎಂಬ ಹುಡುಗಿ ನನ್ನ ಪಕ್ಕ ಒಬ್ಬಟ್ಟಿನ ತಟ್ಟೆ ಹಿಡಿದು ಕೂತಿದ್ದಳು. ನಾನೂ ಸಾಫ್ಟ್‌ವೇರಿನಲ್ಲಿದ್ದೆ ಎಂದೆ. ಅವಳಿಗೆ ಮಾತು ಸಿಕ್ಕಿತು.

"ಆಂಟಿ, ನಮ್ಮ ಆಫೀಸಲ್ಲಿ ಒಂದು ಪುರಾತನ ಪಂಪ್ ಸಿಸ್ಟಂ ಇದೆ. ಅದನ್ನ ಹೊಸದಕ್ಕೆ ಮೂವ್ ಮಾಡೋ ಕೆಲಸ ನಂಗೆ ಬಂದಿದೆ. ಡಾಕ್ಯುಮೆಂಟೇಷನ್ ಎಲ್ಲಾ ಆ ಕಾಲದಲ್ಲೇ ಕೋಡಿಂದ ಜನರೇಟ್ ಮಾಡಿದಾರೆ, ಸೂಪರ್ ಆಗಿದೆ. ಆದ್ರೆ ಅದ್ರಲ್ಲಿ ಒಂದು ವಿಚಿತ್ರ ಹೆಡ್ಡಿಂಗ್ ಇದೆ. ನಂಗಂತೂ ಅದು ಕನ್ನಡ ಅನ್ಸುತ್ತೆ, ಹೊರಡೋ ಆತುರದಲ್ಲಿ ಕೆಳಗಿರೋದು ಓದದೆ ಫೋಟೊ ತೆಗ್ದಿದೀನಿ. ನನ್ ಟೀಮ್‌ನವರು ಹೆಡ್ಡಿಂಗ್ ಅಷ್ಟೇ ನೋಡಿ ಯಾವ್ದೋ ಊರು ಅಂತಾರೆ."

ನಾನು ಚಮಚ ಕೆಳಗಿಟ್ಟು ಅವಳ ಕಡೆ ತಿರುಗಿದೆ. ಅವಳು ಫೋನಿನಲ್ಲಿ ಆ ಪುಟದ ಚಿತ್ರ ತೆಗೆದುಕೊಂಡಿದ್ದಳು. ತೋರಿಸಿದಳು. ನನ್ನ ಪ್ರೋಗ್ರಾಮಿನ ಪುಟವೇ. ಮೇಲೆ ಅದೇ ದಪ್ಪ ತಲೆಬರಹ. ಕೆಳಗೆ ಮಾರ್ಗರೆಟ್ ಬರೆದದ್ದು, ಅವಳ ಮಾತಿನಂತೆಯೇ ನೇರವಾದ ಇಂಗ್ಲಿಷ್. ನಾನು ಅದನ್ನು ಹಿಂದೆ ಓದಿರಲೇ ಇಲ್ಲ:

'ಇದು ಊರಲ್ಲ. ಕನ್ನಡದಲ್ಲಿ ಮುಟ್ಟಬೇಡ ಎಂದರ್ಥ. ಈ ಕೋಡ್ ಏನೂ ಮಾಡದಂತೆ ಕಾಣುತ್ತದೆ. ಅದು ನೀರು ಇಳಿಯುವವರೆಗೆ ಕಾಯುತ್ತಿದೆ, ನೀನೂ ಕಾಯಿ. ಮುಟ್ಟಲೇಬೇಕಾದರೆ ಮೊದಲು ನಾಗರಾಜನನ್ನು ಕೇಳು. ಅವನಿಲ್ಲದಿದ್ದರೆ ವತ್ಸಲಾಳನ್ನು ಕೇಳು. ಕೇಳುವುದಕ್ಕೆ ನಾಚಿಕೆ ಬೇಡ, ಅವಳು ಒಳ್ಳೆಯವಳು.'

ಮಾರ್ಗರೆಟ್ ಹೋದಾಗಲೂ ನಾನು ಅಷ್ಟು ಅತ್ತಿರಲಿಲ್ಲ. ಮೇಘನಾ ಗಾಬರಿಯಾಗಿ ಒಮ್ಮೆ ನನ್ನ ಮುಖ, ಒಮ್ಮೆ ಫೋನು ನೋಡಿದಳು.

"ಆಂಟಿ... ನಿಮ್ಮ ಹೆಸರು ವತ್ಸಲಾ ಅಂತ ಅಲ್ವಾ?"

ತಲೆಯಾಡಿಸಿದೆ. ಅವಳು ಒಬ್ಬಟ್ಟಿನ ತಟ್ಟೆಯನ್ನು ಪಕ್ಕಕ್ಕಿಟ್ಟು ನೆಟ್ಟಗೆ ಕೂತಳು.

"ಹಾಗಾದ್ರೆ ನಿಮ್ಮನ್ನ ಕೇಳ್ಬೇಕು ಅಂತ ಬರ್ದಿದೆ. ಕೇಳ್ತೀನಿ. ಇದನ್ನ ತೆಗೀಬಹುದಾ?"

"ಬೋರ್‌ವೆಲ್ಲುಗಳು ಇನ್ನೂ ಇವೆಯಾ?"

"ಇವೆ ಆಂಟಿ. ತುಂಬಾ ಇವೆ."

ನಾನು ಕಣ್ಣೊರೆಸಿಕೊಂಡೆ. ಮೈಸೂರಿನವಳಾದ ನನ್ನ ಬಾಯಿಂದ ಜೀವಮಾನದಲ್ಲಿ ಮೊದಲ ಸಲ ಅಪ್ಪಟ ಧಾರವಾಡದ ಮಾತು ಬಂತು.

"ಮುಟ್ಟಬ್ಯಾಡ."